ಉಪ್ಪಾಗೆಯ ಪಾಠ

ಅ, ಪ್ರ, ಸು, ಮ, ಆನ್‌ಲೈನ್ ತರಗತಿಯ ಪರದೆಯಲ್ಲಿ ಬಣ್ಣಬಣ್ಣದ ವೃತ್ತಗಳೊಳಗೆ ಒಂದೊಂದೇ ಅಕ್ಷರ, ಎಪ್ಪತ್ತಮೂರು ವಿದ್ಯಾರ್ಥಿಗಳು, ಒಬ್ಬರಿಗೂ ಮುಖವಿಲ್ಲ, ಕ್ಯಾಮೆರಾ ಹಾಕಿ ಅಂದರೆ ಸಾಕು ಎಲ್ಲರ ಊರಲ್ಲೂ ಒಮ್ಮೆಗೇ ನೆಟ್‌ವರ್ಕ್ ಹೋಗಿಬಿಡುತ್ತದೆ, ಹೋಗಲಿ, ಇವತ್ತು ಅಭಿಜ್ಞಾಳಿಗೆ ಬೇಕಾದದ್ದು ಒಂದೇ ಮುಖ, ಹನ್ನೊಂದಕ್ಕೆ ಬರುತ್ತೇನೆಂದ ಕಿಶೋರನದು, ಹನ್ನೊಂದೂಕಾಲಾಯಿತು, ಬಂದಿಲ್ಲ. ಸುಸ್ಥಿರತೆ ಎಂದರೆ, ಎನ್ನುತ್ತಾಳೆ ಶಿರಸಿಯ ಬಾಡಿಗೆ ಕೋಣೆಯ ಗೋಡೆಗೆ, ಮೂರು ವಿಶ್ವವಿದ್ಯಾಲಯಗಳ ಮಕ್ಕಳಿಗೆ, ನಾಳೆಯವರ ಪಾಲನ್ನು ನಾವೇ ತಿಂದು ಮುಗಿಸದಿರುವುದು — ಬಾಯಿ ಪಾಠ ಹೇಳುತ್ತದೆ, ಕಣ್ಣು ಮೇಜಿನ ಮೇಲಿನ ಮೊಬೈಲಿನಲ್ಲಿದೆ, ಒಂದು ಮೆಸೇಜಾದರೂ ಬರಬಾರದೇ. ಕಾಡು ಬಲ್ಲವರೊಬ್ಬರನ್ನು ಪಾಠಕ್ಕೆ ಕರೆಸಿ ಅಂತ ವಿಶ್ವವಿದ್ಯಾಲಯದವರು ಹೇಳಿದ್ದೇ ನೆಪವಾಯಿತು, ಕಿಶೋರನೊಡನೆ ಮಾತಾಡಲು ಹನ್ನೊಂದು ವರ್ಷದಿಂದ ನೆಪ ಹುಡುಕುತ್ತಿದ್ದವಳಿಗೆ. ವರ್ಷಾ ವರ್ಷಾ ಅದೇ ಉಪ್ಪಾಗೆ ಪಾಠ ಎಂತಕ್ಕೆ ಮಾಡ್ತೆ ತಂಗಿ, ಬೇರೆ ಹಣ್ಣು ಇಲ್ಯ, ಹೇರೂರಿನಿಂದ ಬಂದಾಗಲೆಲ್ಲ ಅಮ್ಮನ ಪ್ರಶ್ನೆ. ಇದೆ ಅಮ್ಮ, ಕಾಡು ತುಂಬ ಹಣ್ಣಿದೆ.

ಮುಂದಿನ ಚಿತ್ರ, ಅಂಗೈಯಲ್ಲೊಂದು ಹಳದಿ ಉಪ್ಪಾಗೆ ಹಣ್ಣು, ಸಾರಿಗೆ ಹುಳಿ, ಬೀಜದಿಂದ ತುಪ್ಪ, ಹೊರದೇಶಕ್ಕೆ ಔಷಧಿ, ಎಲ್ಲವನ್ನೂ ಕೇಳುತ್ತಾರೆ ಮಕ್ಕಳು, ಆ ಕೈ ಯಾರದೆಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನಂದೊಳ್ಳಿಯ ಮೇಲಿನ ಕಾಡು, ಸಂಶೋಧನೆಯ ಮೂರು ಮಳೆಗಾಲ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕಿತ್ತು ಬಿಸಾಡುತ್ತ ಕಿಶೋರನ ಹಿಂದೆ ನಡೆದದ್ದು, ಬೇರೆಯವರು ಟೊಂಗೆ ಕಡಿದು ಕಾಯಿ ಕೆಡವುತ್ತಿದ್ದಾಗ ಅವನು ಮರದ ಬುಡದಲ್ಲಿ ಸುಮ್ಮನೆ ಕುಳಿತದ್ದು, ಯಾಕೆ ಕೊಯ್ಯಲ್ಲ ಅಂದರೆ, ಹಣ್ಣಾದ್ರೆ ಅದೇ ಬೀಳ್ತದ್ರಿ, ಬಿದ್ದದ್ದು ನಮ್ದು, ಅಷ್ಟೇ ಮಾತು. ಅದನ್ನೇ ಪ್ರಬಂಧದಲ್ಲಿ ಬರೆದಳು, ಡಾಕ್ಟರೇಟೂ ಬಂತು, ಕಾಡಿನ ಕೆಲಸ ಮುಗಿದ ದಿನ ಯಲ್ಲಾಪುರದ ಬಸ್ಸು ಹೊರಡುವಾಗ ಕಿಟಕಿಯ ಕೆಳಗೆ ನಿಂತು ಅವನು ಕೇಳಿದ್ದು, ಮುಂದಿನ ಮಳೆಗಾಲಕ್ಕೆ ಬರ್ತ್ರಾ, ಇನ್ನೊಂದು ಮಾತು ಕೇಳಿದ್ದರೆ, ಜಾತಿ ಮನೆತನ ಎಲ್ಲ ಅಲ್ಲೇ ಬಿಟ್ಟು ಇಳಿದುಬಿಡುತ್ತಿದ್ದಳು, ಸತ್ಯವಾಗಿ ಇಳಿಯುತ್ತಿದ್ದಳು, ನೋಡೋಣ ಅಂದಳು, ಬಸ್ಸು ಹೊರಟಿತು. ತಾಳಿದವನು ಬಾಳಿಯಾನು ಅಂತಾರೆ, ತಾಳಿದವಳ ಗತಿ ಏನೆಂದು ಗಾದೆ ಮಾಡಿದವರಿಗೂ ಗೊತ್ತಿರಲಿಲ್ಲವೇನೋ. ಅವನಿಗೆ ಮದುವೆಯಾದದ್ದು ಗೊತ್ತು, ಕೆಡಿಸುವ ಆಸೆಯೇನಿಲ್ಲ, ಪಾಠ ಮುಗಿದ ಮೇಲೆ ಒಂದೇ ಒಂದು ಕೇಳಬೇಕಿತ್ತು, ಆವತ್ತು ನಿನಗೆ ಹೇಳುವುದೇನೂ ಇರಲಿಲ್ಲವೇ ಕಿಶೋರ, ಅಥವಾ ನಾನೊಬ್ಬಳೇ ಏನೇನೋ ಕಲ್ಪಿಸಿಕೊಂಡೆನೇ, ಅಷ್ಟು ಗೊತ್ತಾದರೆ ಸಾಕಿತ್ತು. ಮೇಡಂ, ಗೆಸ್ಟ್ ಬರಲ್ವಾ, ಚಾಟ್‌ನಲ್ಲಿ ಬರೆದದ್ದು ಪ್ರಥಮ ಎಂಬ ಯಾರೋ ಹುಡುಗ. ಬರಲಿಕ್ಕಿಲ್ಲಪ್ಪ, ಕಾಡಿನವರು, ನಮ್ಮ ಗಡಿಯಾರ ಅವರಿಗೆ ಹೊಂದುವುದಿಲ್ಲ — ಛೆ, ಎಂಥ ಮಾತು ಆಡಿಬಿಟ್ಟೆ, ಸಿಟ್ಟು ಯಾರ ಮೇಲೆ.

ಹನ್ನೊಂದೂ ಐವತ್ತಕ್ಕೆ ಚಿತ್ರಗಳನ್ನು ಮುಚ್ಚಿದಳು, ಪರದೆಯ ಅಂಚನ್ನು ಮುಚ್ಚಿಕೊಂಡಿದ್ದ ಅವು ಸರಿದದ್ದೇ ತಡ, ಮೂಲೆಯಲ್ಲೊಂದು ಸಾಲು, ಕಿಶೋರ, ಒಳಗೆ ಬರಲು ಕಾಯುತ್ತಿದ್ದಾರೆ, ಹನ್ನೊಂದು ಗಂಟೆ ಎರಡು ನಿಮಿಷದಿಂದ. ಅಯ್ಯೋ ದೇವರೇ, ಬಾಗಿಲು ಹಾಕಿದ್ದು ತಾನೇ, ಹೋದ ವಾರ ಯಾರೋ ಪುಂಡ ನುಗ್ಗಿ ಹಾಡು ಹಾಕಿದನೆಂದು ಹನ್ನೊಂದರ ನಂತರ ಬಂದವರೆಲ್ಲ ಹೊರಗೇ ನಿಲ್ಲುವಂತೆ ಮಾಡಿದ್ದು, ಟಿಣ್ ಟಿಣ್ ಕಿರಿಕಿರಿಯೆಂದು ಸದ್ದನ್ನೂ ಅಡಗಿಸಿದ್ದು, ಎಲ್ಲ ತಾನೇ, ಒಳಗೆ ಬಿಡುವ ಗುಂಡಿ ಒತ್ತಿದಳು, ಪರದೆ ತೆರೆಯಿತು, ಒಂದು ಜಗಲಿ, ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಯಾರೂ ಇಲ್ಲ. ಕಿಶೋರ, ಅಂದಳು, ಎಪ್ಪತ್ತಮೂರು ಜನ ಕೇಳುತ್ತಿದ್ದಾರೆಂಬುದನ್ನೂ ಮರೆತು. ಪಕ್ಕದಿಂದ ಹೆಣ್ಣು ಧ್ವನಿ, ಅವನ ಹೆಂಡತಿಯೇ ಇರಬೇಕು, ಅಕ್ಕೋರೆ, ಹತ್ತೂವರೆಯಿಂದ ಇಲ್ಲೇ ಕೂತ್ಕಂಡಿದ್ರು, ಇಸ್ತ್ರಿ ಅಂಗಿ ಹಾಕ್ಕಂಡು, ಒಂದು ಫೋನಾದ್ರೂ ಮಾಡಿ ಅಂದೆ, ಬ್ಯಾಡ, ಬೇಕಂದ್ರೆ ಅವ್ರೇ ಕರೀತ್ರು ಅಂದ್ರು, ಈಗಷ್ಟೇ ಎದ್ದು ಬೆಟ್ಟಕ್ಕೆ ಹೋದ್ರು ನೋಡಿ, ಕರೀಲಾ? ಅವ್ರೇ ಕರೀತ್ರು. ಹನ್ನೊಂದು ವರ್ಷ, ಅವನೂ ಕರೆಗೇ ಕಾದಿದ್ದನೇ. ಕೆಂಪು ಕುರ್ಚಿ, ಕ್ಯಾಮೆರಾಕ್ಕೆ ನೇರ ಬರುವ ಹಾಗೆ ಅಳತೆ ನೋಡಿ ಇಟ್ಟ ಕುರ್ಚಿ, ಕರೀಲಾ ಅಕ್ಕೋರೆ, ಪರದೆಯ ಹತ್ತಿರಕ್ಕೆ ಬಾಗುತ್ತಾಳೆ, ಕುರ್ಚಿ, ಖಾಲಿ ಕುರ್ಚಿ