ಹಿತ್ತಾಳೆ ಪಿನ್ನು

ತುಮಕೂರಿನ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿದ್ದ ಮನ್ಸೂರ್ ಅಲಿಯ ರಿಪೇರಿ ಅಂಗಡಿಗೆ ಹೆಸರಿರಲಿಲ್ಲ, ಬೋರ್ಡು ಮಾತ್ರ ಇತ್ತು: ‘ಇಲ್ಲಿ ಡೂಪ್ಲಿಕೇಟ್ ಹಾಕುವುದಿಲ್ಲ.’ ಗುಬ್ಬಿಯಿಂದ ಕುಣಿಗಲ್ಲಿನ ತನಕ ಕೆಟ್ಟ ಪಂಪ್‌ಸೆಟ್ಟುಗಳೆಲ್ಲ ಆ ಒಂದು ಸಾಲನ್ನು ನಂಬಿ ಗಾಡಿ ಹತ್ತುತ್ತಿದ್ದವು. ಅದನ್ನೇ ನಂಬಿ ಎಪ್ಪತ್ತೆರಡರಲ್ಲಿ ಅದೇ ಊರಿನ ಸದಾಶಿವನಗರದ ಗುರುಸಿದ್ದಯ್ಯನವರು, ರಿಟೈರ್ಡ್ ಓವರ್‌ಸಿಯರ್, ಗೋಣಿಚೀಲದಲ್ಲಿ ಸುತ್ತಿದ ದೋಣಿ ಮೋಟಾರೊಂದನ್ನು ತಂದು ಇಳಿಸಿದರು. ಅಣೆಕಟ್ಟು ಕಟ್ಟಿಸಿದ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಬಿಟ್ಟುಹೋದದ್ದು, ಮೂವತ್ತಾರನೇ ಇಸವಿಯ ಮಾಲು. ದೋಣಿಯ ಹಿಂಬದಿಗೆ ಸಿಕ್ಕಿಸಿ ಹಗ್ಗ ಎಳೆದರೆ ಓಡಬೇಕು. ಇಪ್ಪತ್ತೈದು ವರ್ಷದಿಂದ ಓಡಿರಲಿಲ್ಲ. ತುಮಕೂರಿನಲ್ಲಿ ದೋಣಿ ಮೋಟಾರು ಯಾಕೆಂದು ಯಾರೂ ಕೇಳಲಿಲ್ಲ. ಓವರ್‌ಸಿಯರರನ್ನು ಪ್ರಶ್ನೆ ಕೇಳುವ ಅಭ್ಯಾಸ ಊರಿಗಿರಲಿಲ್ಲ.

“ಮೂವತ್ತಾರ್ರಲ್ಲಿ ಏನಿತ್ತೋ ಅದೇ ಇರ್ಬೇಕು ಸಾಬ್ರೇ. ಒಂದು ಸ್ಕ್ರೂನೂ ಈಗಿಂದು ಬೇಡ.”

“ಬೋರ್ಡ್ ಓದ್ಕೊಂಡೇ ಬಂದ್ರಲ್ಲ ಸಾರ್.”

ಏಳು ವರ್ಷ ಹಿಡಿಯಿತು. ತಯಾರಿಸಿದ ಕಂಪನಿ ಯುದ್ಧದ ಕಾಲದಲ್ಲೇ ಮುಚ್ಚಿತ್ತು. ಬೊಂಬಾಯಿಯ ಹಡಗು ಗುಜರಿಗೆ ಕಾಗದ ಬರೆದು ಒಂದೊಂದೇ ಭಾಗ ತರಿಸಬೇಕು. ಇಂಜಿನ್ನಿನ ಕಾಯಿಲ್‌ಗೆ ಹಳೆಯ ರೀತಿಯ ನೂಲು ಸುತ್ತಿದ ತಂತಿಯೇ ಆಗಬೇಕು. ಮೋಟಾರು ದೋಣಿಯನ್ನು ಕಚ್ಚುವ ಜಾಗದಲ್ಲಿ ಉಗುರಿನಷ್ಟು ಮೂಲ ಬಣ್ಣ ಉಳಿದಿತ್ತು. ಅದಕ್ಕೆ ಹೊಂದುವ ಹಸಿರು ಕಲಸಲು ಒಂದು ಮಳೆಗಾಲವೇ ಹೋಯಿತು. “ಅದಕ್ಕೊಂದು ನಿಕಾಹ್ ಮಾಡಿಸಿಬಿಡಿ, ವಯಸ್ಸಿಗೆ ಬಂದಿದೆ,” ಎಂದಳು ಹೆಂಡತಿ ಹಜರಾ ಬೀ. ಮನ್ಸೂರ್ ಅಲಿ ನಗಲಿಲ್ಲ. ಆ ಮೋಟಾರು ನೀರಿನಲ್ಲಿ ಓಡುವ ಸದ್ದನ್ನು ಒಂದು ಸಲ ಕೇಳಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಮೋಟಾರಿನ ಜೊತೆ ಇಂಗ್ಲಿಷಿನ ಕೈಪಿಡಿ ಪುಸ್ತಕವೂ ಒಂದು ಬಂದಿತ್ತಂತೆ. ಗುರುಸಿದ್ದಯ್ಯನವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. “ಗ್ರೀಸ್ ಕೈಲಿ ಮುಟ್ಟಂಗಿಲ್ಲ. ಅದೂ ಮೂವತ್ತಾರ್ರದ್ದೇ.”

ಎಪ್ಪತ್ತೊಂಬತ್ತರಲ್ಲಿ ಕೊನೆಯ ಭಾಗ ಬಂತು: ನೀರಿನೊಳಗೆ ತಿರುಗುವ ಫ್ಯಾನನ್ನು ಗೇರಿನ ದಂಡಕ್ಕೆ ಹಿಡಿದಿಡುವ ಪಿನ್ನು. ಎಣ್ಣೆ ಕಾಗದದಲ್ಲಿ ಸುತ್ತಿದ, ಬೆರಳಿನಷ್ಟೂ ಇಲ್ಲದ ಹಿತ್ತಾಳೆ ತುಂಡು. ಎಷ್ಟು ಗಟ್ಟಿಯೆಂದು ನೋಡಲು ಮನ್ಸೂರ್ ಅಲಿ ಅರ ಇಟ್ಟ. ಅರ ಬೆಣ್ಣೆಗೆ ಇಳಿದಂತೆ ಇಳಿಯಿತು.

“ಬೊಂಬಾಯಿಯವ್ನು ಟೋಪಿ ಹಾಕ್ಬಿಟ್ಟ ಸಾರ್. ಡೂಪ್ಲಿಕೇಟು. ಇದು ಒಂದ್ ದಿನ ತಡ್ಯಲ್ಲ.” ಹಿತ್ತಾಳೆಯದನ್ನು ಬಿಸಾಕಿ, ಉಕ್ಕಿನ ಸಲಾಕೆ ಕತ್ತರಿಸಿ, ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ತಾನೇ ಒಂದು ಪಿನ್ನು ಮಾಡಿದ. “ಇದೊಂದು ಮಾತ್ರ ನಂದು.”

ಗುರುಸಿದ್ದಯ್ಯನವರು ಸಂಕಟಪಟ್ಟರು. “ಹೊರಗೆ ಕಾಣಲ್ವಲ್ಲ?”

“ಕಾಣಲ್ಲ.”

“ಮುರಿಯಲ್ವಲ್ಲ?”

“ಲೋಕ ಮುರಿದ್ರೂ ಅದು ಮುರಿಯಲ್ಲ ಸಾರ್.”

ಡ್ರಮ್ಮಿನ ನೀರಿನಲ್ಲಿ ಮೋಟಾರು ಚೆನ್ನಾಗಿಯೇ ಓಡಿತು. ಆದರೆ ಡ್ರಮ್ಮಿನಲ್ಲಿ ಜಾಲಿ ಮರ ಬೆಳೆದಿರುವುದಿಲ್ಲ.

ಕುಣಿಗಲ್ ದೊಡ್ಡಕೆರೆ ಆ ವರ್ಷ ತುಂಬಿತ್ತು. ಮೀನು ಹಿಡಿಯುವ ಬೆಟ್ಟಯ್ಯನ ಮರದ ದೋಣಿಗೆ ಮೋಟಾರು ಸಿಕ್ಕಿಸಿದರು. ಗುರುಸಿದ್ದಯ್ಯನವರು ಕೋಟು ಹಾಕಿಕೊಂಡು ಮುಂದೆ ಕೂತರು. ಹಿಂದೆ ಕೂತ ಮನ್ಸೂರ್ ಅಲಿಯ ಮೂರನೇ ಎಳೆತಕ್ಕೆ ಮೋಟಾರು ಹತ್ತಿಕೊಂಡಿತು. ಮನ್ಸೂರ್ ಅಲಿ ಕಣ್ಣು ಮುಚ್ಚಿ ಕೇಳಿದ. ನೀರು ಸೀಳುವ ಸದ್ದು ಸೇರಿಕೊಂಡಾಗ ಅದು ಬೇರೆಯೇ ಆಗಿತ್ತು.

“ಆ ಕಡೀಕೆ ಬ್ಯಾಡಿ ಸಾಮಿ, ನೀರೊಳ್ಗೆ ಜಾಲಿ ಬೊಡ್ಡೆ ಅವೆ,” ಎಂದ ಬೆಟ್ಟಯ್ಯ.

“ಇಂಗ್ಲೆಂಡ್ ಮಾಲಯ್ಯ ಇದು!” ಎಂದರು ಗುರುಸಿದ್ದಯ್ಯನವರು.

ಇಂಗ್ಲೆಂಡಿನ ಮಾಲು ಕುಣಿಗಲ್ಲಿನ ಜಾಲಿಗೆ ಬಡಿಯಿತು. ಒಂದು ಕಟಕ್, ಆಮೇಲೆ ಜಲ್ಲಿ ಅಗಿದಂಥ ಸದ್ದು, ಆಮೇಲೆ ಹಿಡಿತ ತಪ್ಪಿದ ಇಂಜಿನ್ನಿನ ಚೀರಾಟ. ಮನ್ಸೂರ್ ಅಲಿ ಆಫ್ ಮಾಡಿದ. ಬೆಟ್ಟಯ್ಯ ಗಳ ಎತ್ತಿಕೊಂಡು ದೋಣಿ ತಳ್ಳತೊಡಗಿದ. “ನಮ್ ಗಳುಕ್ಕೆ ಇವ್ಯಾವ ರಗಳೇನೂ ಇಲ್ಲ ಬುಡಿ.”

ದಡದಲ್ಲಿ ಬಿಚ್ಚಿ ನೋಡಿದರೆ ಗೇರಿನ ಹಲ್ಲುಗಳು ಮುದುಕನ ಬಾಯಿಯಂತೆ ಖಾಲಿ. ಪಿನ್ನು ಮಾತ್ರ ಹೊಳೆಯುತ್ತಿತ್ತು.

“ಪಿನ್ನಿಗೆ ಏನೂ ಆಗಿಲ್ಲ ಸಾರ್,” ಎಂದ ಮನ್ಸೂರ್ ಅಲಿ. ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆಯಿತ್ತು.

ಆ ಹೆಮ್ಮೆ ಮೂರು ದಿನ ಬಾಳಿತು. ನಾಲ್ಕನೇ ದಿನ ಗುರುಸಿದ್ದಯ್ಯನವರು ಬೀರು ತೆಗೆದು, ಪುಸ್ತಕವನ್ನು ಕರವಸ್ತ್ರದಲ್ಲಿ ಹಿಡಿದು ಓದಿ ಹೇಳಿದರು: “‘ಈ ಪಿನ್ನನ್ನು ಬೇಕೆಂದೇ ಮೆತ್ತಗಿನ ಹಿತ್ತಾಳೆಯಲ್ಲಿ ಮಾಡಲಾಗಿದೆ. ಫ್ಯಾನಿಗೆ ಅಡ್ಡ ಏನಾದರೂ ಸಿಕ್ಕಿದರೆ ಇದು ಮುರಿದು ಗೇರನ್ನು ಉಳಿಸುತ್ತದೆ.’”

“ಮುರಿಯೋಕೇ ಮಾಡಿರೋದಾ?”

“ಮುರಿಯೋಕೇ.”

“ಇದನ್ನ ಆವತ್ತೇ ಓದಿ ಹೇಳಿದ್ದಿದ್ರೆ...”

“ಗ್ರೀಸ್ ಆಗುತ್ತೆ ಅಂತ ಸಾಬ್ರೇ,” ಎಂದರು ಅವರು, ಸಣ್ಣ ದನಿಯಲ್ಲಿ. ಪುಸ್ತಕದ ಮೇಲೆ ಒಂದು ಕಲೆಯೂ ಇರಲಿಲ್ಲ.

ಗೇರಿಗಾಗಿ ಬೊಂಬಾಯಿಗೆ ಬರೆದ ಕಾಗದಕ್ಕೆ ಒಂದು ಸಾಲಿನ ಉತ್ತರ ಬಂತು: ಈ ಜಾತಿಯದ್ದು ಇನ್ನು ಸಿಗುವುದಿಲ್ಲ. ಮೋಟಾರು ಸದಾಶಿವನಗರದ ಮನೆಯ ಹಾಲ್‌ನಲ್ಲಿ, ತೇಗದ ಸ್ಟ್ಯಾಂಡಿನ ಮೇಲೆ, ಕ್ರೋಷಾ ಬಟ್ಟೆ ಹೊದ್ದು ಕೂತಿತು. ಬಂದವರಿಗೆಲ್ಲ ಗುರುಸಿದ್ದಯ್ಯನವರು ಹೇಳುತ್ತಿದ್ದರು, “ಎಲ್ಲಾ ಒರಿಜಿನಲ್ಲು.”

ಎರಡು ತಿಂಗಳಾದ ಮೇಲೆ ಮನ್ಸೂರ್ ಅಲಿ ಹೆಂಡತಿಯನ್ನು ಕೇಳಿದ, “ಒಂದು ಹಿತ್ತಾಳೆ ಪಿನ್ನು ಬಿಸಾಕಿದ್ದೆ. ನೋಡಿದ್ಯಾ?”

ಕೋಳಿಗೂಡಿನ ಚಿಲಕದಲ್ಲಿತ್ತು. ಅರ ಇಟ್ಟ ಗುರುತು ಹಾಗೇ ಇತ್ತು. ಆರು ಕೋಳಿಗಳನ್ನು ಅದೊಂದೇ ಕಾಯುತ್ತಿತ್ತು. ಅವನು ಕೈ ಚಾಚಿದ.

“ಕೀಳಬೇಡಿ, ಕೋಳಿ ಬೀದಿಗೆ ಹೋಗ್ತವೆ,” ಎಂದಳು ಹಜರಾ ಬೀ. ಅವನ ಮುಖ ನೋಡಿ, “ಯಾಕೆ, ಅಸಲಿ ಮಾಲಾ ಅದು?” ಎಂದಳು.

ಮನ್ಸೂರ್ ಅಲಿ ಕೈ ಹಿಂದಕ್ಕೆಳೆದುಕೊಂಡ.

“ಡೂಪ್ಲಿಕೇಟು,” ಎಂದ.