ಅಕ್ಕ ಆರಿಸಿದ ಡಿಸ್ಟ್ರಿಬ್ಯೂಟರ್

ಮೂರು ಸಲ ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದಾಯಿತು, ಅಕ್ಕನ ಕಾರಿನ ಕೆಮ್ಮು ಮಾತ್ರ ಹೋಗಲಿಲ್ಲ. ಏರು ಬಂದರೆ ಸಾಕು, ಮುಗ್ಗರಿಸಿ, ಹಿಂದಿನ ಕೊಳವೆಯಿಂದ ಢಮ್ ಎಂದು ಸದ್ದು ಮಾಡಿ ಬೀದಿಯವರನ್ನೆಲ್ಲ ಬೆಚ್ಚಿಬೀಳಿಸುತ್ತಿತ್ತು. "ಇಷ್ಟು ಹಳೇ ಗಾಡಿ, ಇನ್ನೇನು ಮಾಡೋಕಾಗುತ್ತೆ" ಎಂದು ಮೆಕ್ಯಾನಿಕ್ ಕೈಚೆಲ್ಲಿದ. ಅಕ್ಕ ಹಾಗೆ ಕೈಚೆಲ್ಲುವ ಜಾಯಮಾನದವಳಲ್ಲ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವಳು.

ಭಾನುವಾರ ಬೆಳಗ್ಗೆ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ನಡುವಿನ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಬೀಳಲಿರುವ ಹಾಲುಹಲ್ಲಿನಂತೆ ಅದು ಲಟಪಟ ಎಂದಿತು.

"ಪುಟ್ಟೀ, ಬಾ ಇಲ್ಲಿ. ಕಳ್ಳ ಸಿಕ್ಕಿದ! ಪಾಪ, ಆ ಕಾರ್ಬ್ಯುರೇಟರ್‌ಗಳನ್ನ ಸುಮ್ಸುಮ್ನೆ ಬೈಕೊಂಡ್ವಿ."

ಪುಟ್ಟಿಗೆ ನಲವತ್ತೇಳು ವರ್ಷ. ಆಸ್ಪತ್ರೆಯ ಹಿರಿಯ ನರ್ಸ್. ಹನ್ನೆರಡು ಮಂದಿ ಅವಳ ಮಾತಿಗೆ ಎದ್ದು ನಿಲ್ಲುತ್ತಾರೆ. ಅಕ್ಕನಿಗೆ ಮಾತ್ರ ಅವಳು ಇಂದಿಗೂ ಪುಟ್ಟಿಯೇ. ನಾಲ್ಕು ಸಿಲಿಂಡರಿಗೂ ಸರದಿ ತಪ್ಪದಂತೆ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರಿನ ಕೆಲಸ, ಶಾಫ್ಟ್ ಸವೆದರೆ ಕಿಡಿ ಹೊತ್ತು ತಪ್ಪುತ್ತದೆ ಎಂದು ಅಕ್ಕ ಬಿಡಿಸಿ ಹೇಳುತ್ತಿದ್ದರೆ, ಪುಟ್ಟಿಯ ಕಣ್ಣು ಆ ಶಾಫ್ಟಿನ ಮೇಲಿರಲಿಲ್ಲ. ಅದನ್ನು ಹಿಡಿದ ಬೆರಳುಗಳ ಮೇಲಿತ್ತು. ಅವು ನಡುಗುತ್ತಿದ್ದವು. ಮೂರು ತಿಂಗಳಿಂದ ಅವಳು ಇದನ್ನು ನೋಡುತ್ತಿದ್ದಳು. ಕೇಳಲು ಬಾಯಿ ಬಂದಿರಲಿಲ್ಲ.

ಮರುದಿನ ಇಬ್ಬರೂ ಹಳೇ ಕಾರುಗಳ ಬಿಡಿಭಾಗ ಮಾರುವ ಅಂಗಡಿಗೆ ಹೋದರು. ಎಣ್ಣೆ, ರಬ್ಬರಿನ ವಾಸನೆ ತುಂಬಿದ ಕಿರಿದಾದ ಅಂಗಡಿ. ಕನ್ನಡಕವನ್ನು ಹಣೆಗೇರಿಸಿಕೊಂಡ ಅಂಗಡಿಯಾತ ಗಾಜಿನ ಮೇಜಿನ ಮೇಲೆ ಮೂರು ಡಿಸ್ಟ್ರಿಬ್ಯೂಟರ್ ಇಟ್ಟ. ಮೊದಲನೆಯದರ ಪಕ್ಕೆಗೆ ತಟ್ಟೆಯಂಥದ್ದೊಂದು ಅಂಟಿಕೊಂಡಿತ್ತು.

"ಇದು ಕಾರ್ಬ್ಯುರೇಟರ್ ಗಾಳಿ ಎಳೆಯೋ ಬಲದಿಂದ ಕಿಡಿಯನ್ನ ಹಿಂದೆ ಮುಂದೆ ಮಾಡುತ್ತೆ. ನಿಮ್ಮ ಕಾರ್ಬ್ಯುರೇಟರ್‌ನಲ್ಲಿ ಸಣ್ಣ ನಳಿಕೆ ಇದೆಯಾ ಅಮ್ಮಾ?"

"ಇಲ್ಲ. ಹಿಂದೆಯೇ ನಾನು ಜೋಡಿ ಕಾರ್ಬ್ಯುರೇಟರ್ ಹಾಕಿಸಿದೀನಿ. ಅದಕ್ಕೆ ಆ ನಳಿಕೆ ಬರಲ್ಲ," ಎಂದಳು ಅಕ್ಕ.

"ಹಾಗಾದ್ರೆ ಇದನ್ನ ಮರೆತುಬಿಡಿ." ಅಂಗಡಿಯಾತ ಅದನ್ನು ಪಕ್ಕಕ್ಕೆ ಸರಿಸಿದ. "ಇವೆರಡು ಬರೀ ಒಳಗಿನ ತೂಕದ ಮೇಲೆ ನಡೀತವೆ, ನಿಮಗೆ ಸರಿಹೋಗುತ್ತೆ. ಎರಡನೇದು ನಿಮ್ಮ ಹಳೇದರ ತದ್ರೂಪ. ಒಳಗೆ ಪಾಯಿಂಟ್ ಇದೆ, ಕಿಡಿ ಹುಟ್ಟಿಸೋ ಜೋಡಿ ಲೋಹದ ತುಂಡು. ಆಗಾಗ ಉಜ್ಜಬೇಕು, ಕೂದಲೆಳೆಯಷ್ಟು ಸಂದು ಬಿಟ್ಟು ಕೂರಿಸಬೇಕು. ಮೂರನೇದು ಎಲೆಕ್ಟ್ರಾನಿಕ್. ಕೂರಿಸಿದ ಮೇಲೆ ಕೈ ಹಾಕೋ ಕೆಲಸವೇ ಇಲ್ಲ."

ಪುಟ್ಟಿಗೆ ತನ್ನ ನರ್ಸಿಂಗ್ ಪರೀಕ್ಷೆಯ ದಿನ ಕಣ್ಣಮುಂದೆ ಬಂತು. ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ಅವಳಿಗೆ ಅಮ್ಮ. ಅಂದು ನಡುದಾರಿಯಲ್ಲಿ ಕಾರು ನಿಂತಾಗ ಅವಳು ಅಳುತ್ತಾ ಕೂತಿದ್ದಳು. ಅಕ್ಕ ಉಗುರು ಉಜ್ಜುವ ಅರದಿಂದ ಪಾಯಿಂಟ್ ಉಜ್ಜಿ, ಬರೀ ಕಣ್ಣಳತೆಯಲ್ಲಿ ಕೂರಿಸಿ, ಐದೇ ನಿಮಿಷದಲ್ಲಿ ಹೊರಡಿಸಿದ್ದಳು. ಇನ್ನು ನಿನ್ನ ಅಗತ್ಯವಿಲ್ಲ ಎಂದು ಆ ಕೈಗೆ ಯಾವ ಬಾಯಲ್ಲಿ ಹೇಳುವುದು?

"ಎರಡನೇದೇ ಕೊಡಿ," ಎಂದಳು ಅವಸರದಿಂದ. "ನಮ್ಮಕ್ಕ ಇರುವಾಗ ಎಲೆಕ್ಟ್ರಾನಿಕ್ ಯಾಕೆ?"

ಅಕ್ಕ ಮೂರನೆಯದನ್ನು ತನ್ನ ಕಡೆಗೆ ಎಳೆದುಕೊಂಡಳು. "ಇದು."

"ಅಕ್ಕಾ..."

"ಚೆಲ್ಲೀತು ಅಂತ ನೀನು ನನಗೆ ಕಾಫಿ ಲೋಟ ಅರ್ಧವೇ ತುಂಬಿಸಿ ಕೊಡೋಕೆ ಶುರು ಮಾಡಿದ್ಯಲ್ಲ, ಅವತ್ತೇ ನಿನಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯ್ತು. ನೀನೇ ಬಾಯಿಬಿಡ್ತೀಯ ಅಂತ ನಾನು, ನಾನು ಬಿಡ್ತೀನಿ ಅಂತ ನೀನು! ಮೂಗಿಯರ ಸಂಸಾರ ಆಯ್ತು ನಮ್ಮದು." ಅಕ್ಕ ನಕ್ಕಳು. ಪುಟ್ಟಿಗೂ ನಗು ಬಂತು, ಅದರ ಬೆನ್ನಿಗೇ ಕಣ್ಣೀರೂ ಬಂತು. ಅಂಗಡಿಯಾತ ಏನೂ ಕಾಣದವನಂತೆ ಡಬ್ಬಿ ಹುಡುಕಲು ಒಳಗೆ ಹೋದ.

ಅಂದು ಮಧ್ಯಾಹ್ನ ಅಕ್ಕ ಮಣೆಯ ಮೇಲೆ ಕೂತು ಹೇಳಿದಳು, ಪುಟ್ಟಿ ಮಾಡಿದಳು. ಬಿಚ್ಚುವ ಮುನ್ನ ಹಳೆಯದು ಯಾವ ಕಡೆ ಮುಖ ಮಾಡಿತ್ತೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಹೊಸದನ್ನು ಇಳಿಸಿ, ತಂತಿ ಸಿಕ್ಕಿಸಿ, ಎಂಜಿನ್ ಓಡುತ್ತಿರುವಾಗ ಕಿಡಿಯ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು, ಡಿಸ್ಟ್ರಿಬ್ಯೂಟರನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿದಳು.

"ಇನ್ನೂ ಸ್ವಲ್ಪ... ಸಾಕು ಸಾಕು! ಬಿಗಿ ಮಾಡು. ಇಂಜೆಕ್ಷನ್ ಕೊಡೋ ಕೈ ಅಲ್ವಾ, ಚೆನ್ನಾಗಿ ಪಳಗಿದೆ."

"ಆ ಕೈ ಪಳಗಿಸಿದ್ದು ಯಾರು?" ಎಂದಳು ಪುಟ್ಟಿ, ಸ್ಪ್ಯಾನರಿನಿಂದ ಕಣ್ಣು ತೆಗೆಯದೆ. "ಅವತ್ತು ನೀನು ಕಾರು ಹೊರಡಿಸದೇ ಇದ್ದಿದ್ರೆ ನಾನು ಪರೀಕ್ಷೆಗೆ ತಲುಪ್ತಾನೇ ಇರ್ಲಿಲ್ಲ. ಒಂದು ದಿನವೂ ಹೇಳಲಿಲ್ಲ ನಾನು."

"ಇಪ್ಪತ್ತೈದು ವರ್ಷ ಆಯ್ತಲ್ಲೇ! ಈಗ ನೆನಪಾಯ್ತಾ?" ಎಂದಳು ಅಕ್ಕ.

"ಇನ್ನೊಂದು ಮಾತು. ಬುಧವಾರ ಡಾಕ್ಟರ್ ಹತ್ರ ಬರ್ತೀಯ."

"ಬರ್ತೀನಿ. ನನ್ನ ಕಾರಲ್ಲೇ ಹೋಗೋಣ."

ಬುಧವಾರ ಡಾಕ್ಟರ್ ಅಕ್ಕನ ಕೈ ಚಾಚಿಸಿ, ಬರೆಸಿ, ನಡೆಸಿ ನೋಡಿದರು. ಹೆದರಬೇಕಾದ ಕಾಯಿಲೆಯಲ್ಲ, ಕೆಲವರಿಗೆ ವಯಸ್ಸಾದಂತೆ ಬರುವ ನಡುಕ ಎಂದರು. ಮಾತ್ರೆ ಬರೆದುಕೊಟ್ಟರು. ಸೂಕ್ಷ್ಮ ಕೆಲಸ ಕಷ್ಟವಾಗಬಹುದು, ಸದ್ಯಕ್ಕೆ ಕಾರು ಓಡಿಸಲು ಅಡ್ಡಿಯಿಲ್ಲ. ಪುಟ್ಟಿ ಮೂರು ತಿಂಗಳ ಉಸಿರನ್ನು ಒಟ್ಟಿಗೇ ಬಿಟ್ಟಳು.

ಹೊರಗೆ ಅಕ್ಕ ಕಾರು ಹತ್ತಿ ಹೊರಡಿಸಿದಳು. ಮನೆಗೆ ಎಡಕ್ಕೆ ತಿರುಗಬೇಕಿತ್ತು. ಅವಳು ಬಲಕ್ಕೆ, ಗುಡ್ಡದ ರಸ್ತೆಗೆ ತಿರುಗಿಸಿದಳು.

"ಈ ಕಡೆ ಎಲ್ಲಿಗೆ?"

"ಎಲ್ಲಿಗೂ ಇಲ್ಲ, ಸುಮ್ನೆ. ರಜ ಹಾಕಿದೀಯ ಅಲ್ವಾ? ಕೂತ್ಕೋ."

ಪುಟ್ಟಿ ಕಿಟಕಿ ಇಳಿಸಿ, ಚಪ್ಪಲಿ ಕಳಚಿ, ಕಾಲು ಮಡಚಿಕೊಂಡು ಕೂತಳು. ಕಾರು ಒಮ್ಮೆಯೂ ಕೆಮ್ಮದೆ ಏರು ಹತ್ತತೊಡಗಿತು.