ಬೆಳ್ಳುಳ್ಳಿಗೆ ಸೋತ ಕಾರು

ಎವಾಸಿಯೊ ಬಿಡಿಸಿದ ಕಾರುಗಳಲ್ಲಿ ಒಂದೇ ಒಂದು ಕೂಡ ರಸ್ತೆಗೆ ಇಳಿದಿರಲಿಲ್ಲ. ಇಟಲಿಯ ಟುರಿನ್ನಿನ ನಮ್ಮಂಥ ಕಾರ್ಖಾನೆಗಳಲ್ಲಿ ಇದೇನೂ ದೊಡ್ಡ ವಿಷಯವಲ್ಲ. ದೊಡ್ಡ ಕಂಪನಿಯವರು ಹೊಸ ಕಾರಿಗೆ ಮೈ ರೂಪಿಸಿಕೊಡಿ ಎನ್ನುತ್ತಾರೆ, ನಾವು ಮಾದರಿ ಕಟ್ಟಿ ನಿಲ್ಲಿಸುತ್ತೇವೆ, ಅವರು ಅದಕ್ಕೊಂದು ಪ್ರದಕ್ಷಿಣೆ ಹಾಕಿ, ಗಲ್ಲ ಕೆರೆದುಕೊಂಡು, ಬೇಡ ಎನ್ನುತ್ತಾರೆ. ಬೇರೆಯವರಾದರೆ ಒಂದು ಲೋಟ ವೈನ್ ಕುಡಿದು ಮರೆತುಬಿಡುತ್ತಿದ್ದರು. ಎವಾಸಿಯೊಗೆ ಆ ಭಾಗ್ಯವಿರಲಿಲ್ಲ. ಮನೆಯಲ್ಲಿ ಅವನ ತಾಯಿ ಪಿನೋಟಮ್ಮ ಇದ್ದರಲ್ಲ!

ನಾನು ಅದೇ ಕಾರ್ಖಾನೆಯಲ್ಲಿ ಸೀಟಿನ ಚರ್ಮ ಹೊಲಿಯುತ್ತಿದ್ದವಳು. ನನ್ನ ಮನೆಯೂ ಅವರ ಮನೆಯ ಮೇಲಿನ ಮಹಡಿಯಲ್ಲೇ. ಭಾನುವಾರ ಚರ್ಚು ಮುಗಿಸಿ ಮೂವರೂ ಒಟ್ಟಿಗೆ ನಡೆದು ಬರುತ್ತಿದ್ದೆವು. ದಾರಿಯುದ್ದಕ್ಕೂ ಒಂದೇ ರಾಗ.

"ಆ ಕೆಂಪು ಕಾರು ನಿಂದೇನೋ?"

"ಅಲ್ಲಮ್ಮ."

"ಈ ಬಿಳೀದು?"

"ಅದೂ ಅಲ್ಲ."

"ಮತ್ತೆ ದಿನಾ ಬೆಳಿಗ್ಗೆ ಟೈ ಕಟ್ಕೊಂಡು ಎಲ್ಲಿಗೆ ಹೋಗ್ತೀಯೋ? ಮೀನು ಮಾರೋಳು ಕೇಳಿದ್ಲು, ನಿಮ್ಮ ಮಗ ಏನ್ಮಾಡ್ತಾನೆ ಅಂತ. ಗೀಟು ಎಳೀತಾನಮ್ಮ ಅಂದೆ. ಅಯ್ಯೋ ಪಾಪ ಅಂದ್ಲು!"

ಎವಾಸಿಯೊ ತಲೆ ತಗ್ಗಿಸಿ ನಡೆಯುತ್ತಿದ್ದ. ನನಗೆ ನಗು ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು. ಪಿನೋಟಮ್ಮನ ಕಣ್ಣು ಆಗಲೇ ಮಂಜಾಗತೊಡಗಿತ್ತು. ಪೂರ್ತಿ ಕತ್ತಲಾಗುವ ಮೊದಲು ಬೀದಿಯಲ್ಲಿ ಒಂದು ಕಾರು ತೋರಿಸಿ "ಇದು ನಂದು" ಅನ್ನಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಆಗ ಮಿಲಾನಿನ ಕಂಪನಿಯೊಂದು ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಕೆಲಸ ಕೊಟ್ಟಿತು. ಎವಾಸಿಯೊ ಊಟ ನಿದ್ದೆ ಬಿಟ್ಟ. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಎಲ್ಲೂ ಮುರಿಯದ ಒಂದೇ ಗೆರೆ ಎಳೆದ. ಸುಳ್ಳು ಯಾಕೆ ಹೇಳಲಿ, ಅಷ್ಟು ಚೆಂದದ ಕಾರನ್ನು ನಾನು ಕಂಡಿರಲಿಲ್ಲ. ಆದರೆ ಆ ಗೆರೆ ಉಳಿಸಿಕೊಳ್ಳಲು ಕಿಟಕಿಯ ಗಾಜನ್ನು ಬಗ್ಗಿಸಿ ಬಿಗಿದುಬಿಟ್ಟಿದ್ದ. ಗಾಜು ಕೆಳಗೆ ಇಳಿಯುತ್ತಲೇ ಇರಲಿಲ್ಲ.

"ಒಳಗೆ ಕೂತೋರು ಉಸಿರಾಡೋದು ಬೇಡ್ವೇನಯ್ಯಾ?" ಎಂದೆ.

"ತೆರ್ಸಿಲ್ಲಾ, ನೀನು ಸೀಟು ಹೊಲಿ."

ಮರದ ಅಚ್ಚಿನ ಮೇಲೆ ತಗಡು ಬಡಿಯುತ್ತಿದ್ದ ಸೆಕೊಂದಣ್ಣ ಸುತ್ತಿಗೆ ನಿಲ್ಲಿಸಿ ನಕ್ಕ. "ಬಿಡು ತಂಗಿ. ಇವನ ಕಾರಲ್ಲಿ ಕೂರೋಕೆ ಮೊದಲು ಉಸಿರು ಮನೇಲೇ ಇಟ್ಟು ಬರಬೇಕು."

ತಗಡಿನ ಮೈ ಚಕ್ರದ ಮೇಲೆ ಕೂತ ದಿನ ಕಾರ್ಖಾನೆಯವರೆಲ್ಲ ಒಟ್ಟಿಗೆ ಉಣ್ಣುವುದು ನಮ್ಮಲ್ಲಿ ರೂಢಿ. ನವೆಂಬರ್ ಬೇರೆ, ಅಂದಮೇಲೆ ಬಾನ್ಯಾ ಕಾವ್ಡಾ ಬಿಟ್ಟು ಇನ್ನೇನು? ಬುಟ್ಟಿಗಟ್ಟಲೆ ಬೆಳ್ಳುಳ್ಳಿ, ಉಪ್ಪು ಹಾಕಿದ ಸಣ್ಣ ಮೀನು, ಎಣ್ಣೆ, ಎಲ್ಲವನ್ನೂ ಸಣ್ಣ ಉರಿಯಲ್ಲಿ ಕರಗಿಸಿ, ಮಡಕೆಯನ್ನು ನಡುವೆ ಇಟ್ಟು, ಕೋಸು, ದೊಣ್ಣೆಮೆಣಸು ಅದ್ದಿ ಅದ್ದಿ ತಿನ್ನುವುದು. ಇದಕ್ಕೊಂದು ನಿಯಮವುಂಟು: ತಿಂದರೆ ಎಲ್ಲರೂ ತಿನ್ನಬೇಕು, ಮಾರನೆಯ ದಿನ ಹೊರಗಿನವರ ಹತ್ತಿರ ಸುಳಿಯಬಾರದು. ಮಿಲಾನಿನ ಕಂಪನಿಯ ಯಜಮಾನರು ಬ್ರೂಸಾಟಿಯವರು ಬರುವುದು ಗುರುವಾರ ಎಂದಿತ್ತು. ನಾವು ಮಂಗಳವಾರ ಸಂಜೆಯೇ ಕೂತೆವು. ಮಡಕೆಯ ಉಸ್ತುವಾರಿ ಪಿನೋಟಮ್ಮನದು. ಮಗನ ತಟ್ಟೆ ಖಾಲಿಯಾಗಲು ಬಿಡಲೇ ಇಲ್ಲ.

"ತಿನ್ನೋ, ಗೀಟು ಎಳೆಯೋಕಾದ್ರೂ ಕೈಯಲ್ಲಿ ಶಕ್ತಿ ಬೇಡ್ವಾ?"

ಬುಧವಾರ ಬೆಳಿಗ್ಗೆ ಬಾಗಿಲಲ್ಲಿ ಬ್ರೂಸಾಟಿಯವರು ನಿಂತಿದ್ದರು! ಒಂದು ದಿನ ಮೊದಲೇ ಬಂದರೆ ಕಾರಿನ ನಿಜರೂಪ ಕಾಣುತ್ತದೆ ಎಂಬುದು ಅವರ ಜಾಣತನವಂತೆ. ಕಾರಿನ ಸುತ್ತ ಬಂದರು. ಕೈಗವಸು ಕಳಚಿ ಆ ಗೆರೆಯ ಮೇಲೆ ಬೆರಳಾಡಿಸಿದರು. "ಭಲೇ" ಎಂದರು. ಎವಾಸಿಯೊ ನನ್ನತ್ತ ನೋಡಿದ. ಮೊದಲ ಸಲ ಶಾಲೆಯಲ್ಲಿ ಬಹುಮಾನ ಪಡೆದ ಹುಡುಗನ ಮುಖ ಅದು.

"ಗುಡ್ಡದ ತನಕ ಒಂದು ಸುತ್ತು ಹೋಗಿ ಬರೋಣ," ಎಂದರು ಬ್ರೂಸಾಟಿ. ಹೊರಗೆ ದಟ್ಟ ಮಂಜು, ಕೊರೆಯುವ ಚಳಿ. ಎವಾಸಿಯೊ ಒಳಗಿನ ಬಿಸಿಗಾಳಿ ಹಾಕಿ, ಬಾಗಿಲು ಮುಚ್ಚಿ, ಹೊರಟ. ದಾರಿಯುದ್ದಕ್ಕೂ ಗೆರೆಯ ಬಗ್ಗೆ ಬಾಯಿ ಮುಚ್ಚದೆ ವಿವರಿಸಿದನಂತೆ, ಪುಣ್ಯಾತ್ಮ.

ವಾಪಸು ಬಂದಾಗ ಕಾರು ನಿಲ್ಲುವ ಮೊದಲೇ ಬಾಗಿಲು ತೆರೆಯಿತು. ಯಜಮಾನರು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಹೊರಗೆ ಬಿದ್ದರೆನ್ನಬೇಕು.

"ಕಾರು ಹೇಗಿತ್ತು ಯಜಮಾನ್ರೇ?" ಎವಾಸಿಯೊ ಕೇಳಿದ.

"ಕಾರಾ? ಕಣ್ಣು ಬಿಡೋಕಾದ್ರೆ ತಾನೆ ಕಾರು ನೋಡೋದು! ಏನು ತಿಂದಿದ್ದೀರಿ ನೀವು?"

ಎವಾಸಿಯೊ ಅಂಗೈಗೆ ಉಸಿರುಬಿಟ್ಟು ಮೂಸಿದ. "ಏನೂ ಇಲ್ವಲ್ಲ?"

ಸೆಕೊಂದಣ್ಣ ಬಂದು ಮೂಸಿದ. "ಏನೂ ಇಲ್ಲ." ನಾನೂ ಮೂಸಿದೆ. ದೇವರಾಣೆ, ನನಗೂ ಏನೂ ಹತ್ತಲಿಲ್ಲ. ಒಂದೇ ಮಡಕೆಯಲ್ಲಿ ಉಂಡವರಿಗೆ ವಾಸನೆ ಎಲ್ಲಿಂದ ಬರಬೇಕು?

"ಗಾಳಿ ಹೊರಗೆ ಹೋಗೋಕೆ ಒಂದು ದಾರಿ ಮಾಡಿ. ಆಮೇಲೆ ಮಾತಾಡೋಣ," ಎಂದು ಬ್ರೂಸಾಟಿ ರೈಲು ಹತ್ತಿದರು.

ಎವಾಸಿಯೊ ಮುಖ ಊದಿಸಿಕೊಂಡು ಕೂತ. ತನ್ನ ಗೆರೆಗೆ ತಾನೇ ಕತ್ತರಿ ಹಾಕುವುದೇ? "ಅಮ್ಮನಿಗೆ ಗೆರೆ ತೋರಿಸ್ತೀಯೋ, ಕಾರು ತೋರಿಸ್ತೀಯೋ?" ಎಂದು ನಾನು ಬೈದಮೇಲೆ ಪೆನ್ಸಿಲ್ ಹಿಡಿದ. ಕಿಟಕಿಯ ಹಿಂದೆ, ಚಾವಣಿ ಇಳಿದು ಬರುವ ಕಡೆ, ಓರೆಯಾಗಿ ನಾಲ್ಕು ಸೀಳು. ಅಂಚನ್ನು ಹಿಂದಕ್ಕೆ ಮಡಿಸಿದ್ದರಿಂದ ಕಾರು ಓಡುವಾಗ ಒಳಗಿನ ಗಾಳಿಯನ್ನು ಹೊರಗಿನ ಗಾಳಿಯೇ ಎಳೆದುಕೊಳ್ಳುತ್ತಿತ್ತು. ಪರೀಕ್ಷೆಗೆಂದು ಸೆಕೊಂದಣ್ಣ ಹಸಿ ಬೆಳ್ಳುಳ್ಳಿ ಜಗಿದು, ಚುಟ್ಟಾ ಹಚ್ಚಿ ಕಾರು ಓಡಿಸಿದ. ಪಕ್ಕದಲ್ಲಿ ನಾನು, ಇದಕ್ಕೆಂದೇ ವಾರವಿಡೀ ಬೆಳ್ಳುಳ್ಳಿ ಮುಟ್ಟದೆ ವ್ರತ ಮಾಡಿದ್ದೆ. ಹೊಗೆ ನೂಲಿನಂತೆ ಸೀಳಿನಿಂದ ಹೊರಗೆ ಹೋಯಿತು. ನಾನು ಜೀವಂತ ಇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು.

ಬ್ರೂಸಾಟಿ ಮತ್ತೆ ಬಂದರು, ಕೂತರು, ಸುತ್ತಿ ಬಂದರು, ನಗುತ್ತಾ ಇಳಿದರು.

"ಅದ್ಭುತ! ಕಾರು ಬೇಡ ಅಂತ ತೀರ್ಮಾನ ಆಗಿದೆ. ಇಷ್ಟು ದುಬಾರಿ ಆಟದ ಸಾಮಾನು ಯಾರೂ ಕೊಳ್ಳಲ್ಲ ಅಂತಾರೆ ನಮ್ಮ ಮಾರಾಟದೋರು. ಆದ್ರೆ ಆ ಸೀಳು ನಮಗೆ ಬೇಕು. ಸಂಸಾರಸ್ಥರ ಕಾರಿಗೆ ಹಾಕ್ತೀವಿ."

ಬೇಡವೆಂದ ಮಾದರಿಯನ್ನು ಒಡೆದುಹಾಕಬೇಕೆಂಬುದು ಒಪ್ಪಂದ. ಸೆಕೊಂದಣ್ಣ ತಾನು ಬಡಿದ ತಗಡನ್ನು ತಾನೇ ಕತ್ತರಿಸಿದ, ಬೈಯುತ್ತಾ ಕತ್ತರಿಸಿದ. ನಾನು ಹೊಲಿದ ಸೀಟುಗಳನ್ನು ಬಿಚ್ಚುವಾಗ ಅತ್ತುಬಿಟ್ಟೆ.

ಕೆಲವೇ ವರ್ಷಗಳಲ್ಲಿ ಆ ಸೀಳು ಊರೆಲ್ಲ ಹಬ್ಬಿತು. ಮೊದಲು ಕಂಪನಿಯ ನಾಲ್ಕು ಬಾಗಿಲಿನ ಕಾರಿಗೆ, ಆಮೇಲೆ ಸಾಮಾನು ಸಾಗಿಸುವ ವ್ಯಾನಿಗೆ, ಕೊನೆಗೆ ಅವರದೇ ಹೊಸ ಸ್ಪೋರ್ಟ್ಸ್ ಕಾರಿಗೂ ಬಂತು. ಎವಾಸಿಯೊಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಕುದುರೆ ಕೊಂದು ಲಾಳ ಒಯ್ದರು," ಎನ್ನುತ್ತಿದ್ದ. "ಅಮ್ಮನ ಹತ್ರ ಬಾಯಿಬಿಟ್ಟೀಯೆ, ನಿನ್ನ ಜೊತೆ ಮಾತು ಬಿಡ್ತೀನಿ" ಎಂದು ನನ್ನ ಬಾಯಿಗೂ ಬೀಗ ಹಾಕಿದ್ದ.

ಅಷ್ಟರಲ್ಲಿ ಪಿನೋಟಮ್ಮನ ಕಣ್ಣು ಪೂರ್ತಿ ಹೋಗಿತ್ತು. ಆದರೂ ಭಾನುವಾರ ಕಾರಿನ ಸದ್ದು ಕೇಳಿದರೆ ನಿಲ್ಲುತ್ತಿದ್ದರು. ಒಂದು ಚಳಿಗಾಲದ ಭಾನುವಾರ ಚೌಕದ ಅಂಚಿನಲ್ಲಿ ನಾಲ್ಕು ಬಾಗಿಲಿನ ಕಾರೊಂದು ಇಂಜಿನ್ ಆರಿಸದೆ ನಿಂತಿತ್ತು.

"ಇದು ನಿಂದೇನೋ?"

"ಅಲ್ಲಮ್ಮ." ದನಿಯಲ್ಲಿ ಜೀವವೇ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಮಾತು ಬಿಟ್ಟರೆ ಬಿಡಲಿ ಎಂದುಕೊಂಡು ಪಿನೋಟಮ್ಮನ ಕೈ ಹಿಡಿದು ಆ ಸೀಳಿನ ಮೇಲೆ ಇಟ್ಟೆ. "ಕಾರು ಇವನದ್ದಲ್ಲ ಪಿನೋಟಮ್ಮ. ಇದು ಇವನದ್ದು."

ಒಳಗೆ ಬಿಸಿಗಾಳಿ ಹಾಕಿದ್ದರಿಂದ ಸೀಳಿನಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಅವರ ಬೆರಳುಗಳು ಒಂದೊಂದು ಸೀಳನ್ನೂ ಮುಟ್ಟಿ ನೋಡಿದವು. ಪಕ್ಕದ ಅಂಗಡಿಯಿಂದ ಕಾರಿನವನು ಓಡಿ ಬಂದ.

"ಏನಾಯ್ತು ಅಜ್ಜಿ?"

"ಇದನ್ನ ನನ್ನ ಮಗ ಮಾಡಿದ್ದು ಅಂತಾಳಪ್ಪ ಇವಳು. ಅವನು ಬಾಯೇ ಬಿಡಲ್ಲ."

ಆತ ಎವಾಸಿಯೊನನ್ನು ಮೇಲಿಂದ ಕೆಳಗೆ ನೋಡಿದ. "ನೀವಾ? ಹಳೇ ಕಾರಲ್ಲಿ ನನ್ನ ಮಗಳು ಊರು ದಾಟೋಕೆ ಮೊದಲು ವಾಂತಿ ಮಾಡೋಳು ಸ್ವಾಮಿ. ಇದರಲ್ಲಿ ನೋಡಿ."

ಹಿಂದಿನ ಸೀಟಿನಲ್ಲಿ ಮಗುವೊಂದು ಬಾಯಿ ತೆರೆದು ನಿದ್ದೆ ಹೋಗಿತ್ತು. ಎವಾಸಿಯೊ ಗಾಜಿಗೆ ಮುಖ ಒತ್ತಿ ಬಹಳ ಹೊತ್ತು ನೋಡಿದ. ತಿರುಗಿದಾಗ ಅವನ ಕಣ್ಣು ತುಂಬಿತ್ತು.

"ಹೌದಮ್ಮ, ನಂದೇ. ನಾನೇ ಮಾಡಿದ್ದು."

ಪಿನೋಟಮ್ಮ ಮಗನ ಕೆನ್ನೆ ತಟ್ಟಲಿಲ್ಲ, ಅಳಲೂ ಇಲ್ಲ. ಅವನ ತೋಳು ಹಿಡಿದು ಪಕ್ಕದ ಕಾರಿನತ್ತ ಎಳೆದುಕೊಂಡು ಹೋಗಿ ಕೈಚಾಚಿದರು. "ಇದರಲ್ಲಿ ಎಲ್ಲಿದೆ? ತೋರಿಸು." ಅದರಲ್ಲಿತ್ತು. ಅದರಾಚೆಯ ವ್ಯಾನಿನಲ್ಲೂ ಇತ್ತು. ಚೌಕದ ಒಂದು ಕಾರನ್ನೂ ಬಿಡದೆ ಮುಟ್ಟಿ, ಮೀನು ಮಾರುವವಳ ಮನೆ ಬಾಗಿಲಿಗೂ ಹೋಗಿ ಬಂದೆವು. ಮನೆ ಸೇರುವಷ್ಟರಲ್ಲಿ ನನ್ನ ಒಲೆಯ ಮೇಲಿನ ಸಾರು ಸೀದು ಹೋಗಿತ್ತು.